ಶಿವರಾತ್ರಿಯಿಂದ ಆರಿದ್ರಾವರೆಗೆ: ತಾರ್ನಾಕದ ಹಿತ್ತಲು ಮತ್ತು ಗೋಲ್ಡ್‌ಫಿಶ್ ಮರಿಗಳ ಸ್ಥಳಾಂತರ ಕುರಿತು ಒಂದು ಟಿಪ್ಪಣಿ

ಗೋಲ್ಡ್‌ಫಿಶ್ ಸಾಕುವ ಬಗ್ಗೆ ನಮ್ಮ ಕೈಗೆ ಸಿಗುವ ಪುಸ್ತಕಗಳಲ್ಲಿ ಹೆಚ್ಚಿನವು ಚಳಿ ದೇಶಗಳಲ್ಲಿ ಬರೆದವು. ಮರಿಗಳ ವಿಷಯ ಬಂದಾಗ ಅವೆಲ್ಲ ಒಂದೇ ಬುದ್ಧಿ ಹೇಳುತ್ತವೆ: ಚಳಿಗಾಲ ಕಳೆಯುವ ತನಕ ಮನೆಯೊಳಗಿನ ತೊಟ್ಟಿಯಲ್ಲಿ ಬೆಳೆಸಿ, ಹಿಮ ಬೀಳುವ ಭಯ ಹೋದ ಮೇಲೆ, ಅಂದರೆ ಮೇ ಸುಮಾರಿಗೆ, ಹಿತ್ತಲ ಕೊಳಕ್ಕೆ ಬಿಡಿ. ಹೈದರಾಬಾದಿನ ತಾರ್ನಾಕದಲ್ಲಿ ಕೂತು ಈ ಸಾಲು ಓದುವವರಿಗೆ ಮೇ ತಿಂಗಳೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ತಿಂಗಳಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 1966ರ ಜೂನ್ 2ರಂದು ಈ ನಗರದಲ್ಲಿ 45.5 ಡಿಗ್ರಿ ದಾಖಲಾಗಿದೆ. ನಲ್ಲಿ ತಿರುಗಿಸಿದರೆ ಬರುವ ನೀರಿನಲ್ಲಿ ಕೈ ಇಡಲಾಗದ ಹೊತ್ತು ಅದು. ಅಂಥ ಹೊತ್ತಿನಲ್ಲಿ ಒಂದೂವರೆ ಅಂಗುಲದ ಮರಿಯನ್ನು ಒಳಗಿನಿಂದ ತಂದು ಹೊರಗಿನ ಸಿಮೆಂಟಿನ ತೊಟ್ಟಿಗೆ ಬಿಡುವುದು ಪುಸ್ತಕಕ್ಕೆ ನಿಷ್ಠೆ ತೋರಿದಂತೆ ಆದೀತು, ಮೀನಿಗೆ ಉಪಕಾರ ಮಾಡಿದಂತೆ ಆಗುವುದಿಲ್ಲ.

ಮರಿಗಳನ್ನು ಮೊದಲು ಒಳಗೆ ಬೆಳೆಸುವ ಪದ್ಧತಿ ದಖ್ಖನಿಗೂ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಲ್ಲಿ ಅದು ಚಳಿಯಿಂದ ಕಾಯುವ ಉಪಾಯ, ಇಲ್ಲಿ ಬಿಸಿಲಿನಿಂದ ಕಾಯುವ ಉಪಾಯ. ಕಾರಣ ಬೇರೆಯಾದ ಮೇಲೆ ಪಂಚಾಂಗವೂ ಬೇರೆಯಾಗಲೇಬೇಕು. ತಾರ್ನಾಕದಲ್ಲಿ ಒಳಗೆ ಬೆಳೆಸುವ ಕಾಲ ಶಿವರಾತ್ರಿಯಿಂದ ಮಿರಗದವರೆಗೆ, ಅಂದರೆ ಮೃಗಶಿರಾ ಮಳೆಯವರೆಗೆ. ಹೊರಗೆ ಬಿಡುವ ಕಾಲ ಮಿರಗದ ಮೊದಲ ಮಳೆಗಳು ಮುಗಿದು ಆರಿದ್ರಾ ಹಿಡಿಯುವಾಗ, ಅಂದರೆ ಜೂನ್ ಕೊನೆಯ ವಾರ. ಈ ಟಿಪ್ಪಣಿ ಆ ಒಂದು ಮಾತಿಗೆ ಆಧಾರ ಒದಗಿಸುವ ಪ್ರಯತ್ನ.

ಸ್ಥಳದ ಬಗ್ಗೆ ಎರಡು ಮಾತು. ನಿಜಾಮರ ಕಾಲದಲ್ಲಿ ಇಲ್ಲೊಂದು ಮಾವಿನ ತೋಪಿತ್ತಂತೆ. ಸುತ್ತ ತಂತಿಬೇಲಿ, ಬಾಗಿಲಲ್ಲಿ ಕಾವಲಿನ ನಾಕಾ. ತಾರು ಮತ್ತು ನಾಕಾ ಸೇರಿ ತಾರ್ನಾಕ ಆಯಿತೆಂದು ಊರಿನವರು ಹೇಳುವುದುಂಟು. ಮಗ್ಗುಲಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಹಬ್ಸಿಗುಡ. ನಂಬರು ಹೊತ್ತ ಬೀದಿಗಳು. ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಉಳಿದ ಒಂಟಿ ಮನೆಗಳ ಹಿಂದೆ ಒಂದು ಮಾವು, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು ಮತ್ತು ಸಿಮೆಂಟಿನ ಹೌಜು ಇರುತ್ತವೆ. ಕೊಳವೆಬಾವಿ, ಸಂಪು ಬಂದ ಮೇಲೆ ಹೌಜಿಗೆ ಕೆಲಸವಿಲ್ಲ. ನಾನು ಬೀದರ್ ಕಡೆಯವನು. ನಮ್ಮಲ್ಲೂ ಅದಕ್ಕೆ ಹೌಜು ಎಂದೇ ಹೆಸರು. ಕೆಲಸ ಕಳೆದುಕೊಂಡ ಈ ಹೌಜುಗಳೇ ಇಲ್ಲಿನ ಹಿತ್ತಲ ಕೊಳಗಳು. ಮುಂದೆ ಕೊಳ ಎಂದಾಗ ಓದುಗರು ತಾವರೆಗೆರೆಯನ್ನು ಕಲ್ಪಿಸಿಕೊಳ್ಳಬಾರದು. ಎದೆಮಟ್ಟದ ಗೋಡೆಯ, ಸಾವಿರ ಎರಡು ಸಾವಿರ ಲೀಟರಿನ ತೊಟ್ಟಿಯನ್ನು ಕಲ್ಪಿಸಿಕೊಳ್ಳಬೇಕು. ಇಷ್ಟು ಸಣ್ಣ ನೀರು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಇಡೀ ಸಮಸ್ಯೆ ಅಲ್ಲಿಂದಲೇ ಹುಟ್ಟುವುದು.

ಮೊದಲು ಉಸಿರಿನ ಲೆಕ್ಕ. ನೀರು ಕಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ. ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆಯಾಗಿ ಇನ್ನೂ ಸ್ವಲ್ಪ ಕಡಿತವಾಗುತ್ತದೆ. ಹೀಗಾಗಿ ಇಲ್ಲಿ 15 ಡಿಗ್ರಿಯ ನೀರು ಲೀಟರಿಗೆ ಸುಮಾರು 9.4 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು. 35 ಡಿಗ್ರಿಯಲ್ಲಿ ಅದು 6.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈಯ ವ್ಯಾಪಾರ ಚುರುಕಾಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚುಕಡಿಮೆ ಇಮ್ಮಡಿ. ಬರುವ ಸಂಬಳ ಇಳಿದ ತಿಂಗಳಲ್ಲೇ ಮನೆಯ ಖರ್ಚು ಏರಿದ ಹಾಗೆ.

ಇಷ್ಟೇ ಆಗಿದ್ದರೆ ಒಂದು ಗಾಳಿ ಪಂಪು ಇಟ್ಟು ನಿಭಾಯಿಸಬಹುದಿತ್ತು. ನಿಜವಾಗಿ ಮರಿಗಳನ್ನು ಕೊಲ್ಲುವುದು ಅಮೋನಿಯ. ಮೀನಿನ ಕಿವಿರಿನಿಂದಲೂ ಕೊಳೆತ ಆಹಾರದಿಂದಲೂ ಅದು ನೀರಿಗೆ ಸೇರುತ್ತಲೇ ಇರುತ್ತದೆ. ನೀರಿನಲ್ಲಿ ಅದಕ್ಕೆ ಎರಡು ರೂಪ: ಅಮೋನಿಯಂ ಅಯಾನು, ಇದು ಬಹಳ ಮಟ್ಟಿಗೆ ನಿರುಪದ್ರವಿ; ಇನ್ನೊಂದು ಬಿಡಿ ಅಮೋನಿಯ, ಇದು ವಿಷ. ಯಾವ ರೂಪ ಎಷ್ಟು ಎಂಬುದನ್ನು ನೀರಿನ ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. ಬಿಸಿಲು ಬಿದ್ದ ಹೌಜಿನಲ್ಲಿ ಪಾಚಿ ಬೆಳೆದು ನೀರು ಹಸಿರಾಗುತ್ತದೆ. ಹಗಲಿನಲ್ಲಿ ಆ ಪಾಚಿ ಕರಗಿದ ಇಂಗಾಲದ ಡೈಆಕ್ಸೈಡನ್ನೆಲ್ಲ ಹೀರಿಕೊಂಡು ಪಿಎಚ್ ಏರಿಸುತ್ತದೆ. ಬೆಳಿಗ್ಗೆ 7.5 ಇದ್ದದ್ದು ಮಧ್ಯಾಹ್ನ 9 ಮುಟ್ಟುವುದು ಹಸಿರು ನೀರಿನಲ್ಲಿ ಅಪರೂಪವಲ್ಲ. ಈಗ ಲೆಕ್ಕ ಹಾಕಿ ನೋಡಿ. 26 ಡಿಗ್ರಿ, ಪಿಎಚ್ 7.5 ಇರುವ ಬೆಳಗಿನ ನೀರಿನಲ್ಲಿ ಒಟ್ಟು ಅಮೋನಿಯದ ನೂರಕ್ಕೆ ಎರಡು ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. 32 ಡಿಗ್ರಿ, ಪಿಎಚ್ 9 ಆದ ಮಧ್ಯಾಹ್ನ ಅದೇ ನೀರಿನಲ್ಲಿ ಸುಮಾರು ಅರ್ಧದಷ್ಟು. ಹೊಸದಾಗಿ ಒಂದು ಹನಿ ಹೊಲಸೂ ಸೇರಿರುವುದಿಲ್ಲ. ಆರು ಗಂಟೆಯ ಅಂತರದಲ್ಲಿ ವಿಷ ಇಪ್ಪತ್ತೈದು ಪಟ್ಟು ಹೆಚ್ಚಿರುತ್ತದೆ. ರಾತ್ರಿ ಅದೇ ಪಾಚಿ ಮೀನಿನ ಜೊತೆ ಪೈಪೋಟಿಯಲ್ಲಿ ಆಮ್ಲಜನಕ ಉಸಿರಾಡುವುದರಿಂದ ಬೆಳಗಿನ ಜಾವ ಮರಿಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. ಬೆಳಿಗ್ಗೆ ನೀರು ಪರೀಕ್ಷಿಸಿ ಎಲ್ಲ ಸರಿಯಿದೆ ಎಂದುಕೊಂಡವರು ಸಂಜೆ ತೇಲುತ್ತಿರುವ ಮರಿಗಳನ್ನು ನೋಡಿ ಅಂಗಡಿಯವನನ್ನು ಬಯ್ಯುವುದು ಇದೇ ಕಾರಣಕ್ಕೆ.

ನಾನೂ ಬಯ್ದವನೇ. ಮೊದಲ ವರ್ಷ ಪುಸ್ತಕದ ಮಾತಿನಂತೆ ಬೇಸಿಗೆಯ ನಡುವೆ ಮರಿಗಳನ್ನು ಹೌಜಿಗೆ ಬಿಟ್ಟು ಒಂದೇ ವಾರದಲ್ಲಿ ಬಹುಪಾಲು ಕಳೆದುಕೊಂಡೆ. ಇದು ಒಂದು ಮನೆಯ ಕಥೆ, ಇದನ್ನು ಅಂಕಿ ಅಂಶವೆಂದು ಯಾರೂ ಎಣಿಸಬಾರದು.

ಹಾಗಾದರೆ ಗೋಲ್ಡ್‌ಫಿಶ್ ಸೆಕೆ ತಾಳದ ಮೀನೇ? ಅಲ್ಲ, ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ಒಂದು ಹಳೆಯ ಪ್ರಯೋಗವಿದೆ. 1942ರಲ್ಲಿ ಕೆನಡಾದ ಎಫ್. ಇ. ಜೆ. ಫ್ರೈ, ತಮ್ಮ ಸಹೋದ್ಯೋಗಿಗಳಾದ ಬ್ರೆಟ್ ಮತ್ತು ಕ್ಲಾಸನ್ ಜೊತೆ ಎಳೆಯ ಗೋಲ್ಡ್‌ಫಿಶ್‌ಗಳು ಎಷ್ಟು ಉಷ್ಣ, ಎಷ್ಟು ಶೀತ ತಾಳಬಲ್ಲವೆಂದು ಅಳೆದು ಪ್ರಕಟಿಸಿದರು. (ಫ್ರೈ ಅವರ ಮನೆತನದ ಹೆಸರಿಗೆ ಇಂಗ್ಲಿಷಿನಲ್ಲಿ ಮೀನಿನ ಮರಿ ಎಂದೇ ಅರ್ಥ; ಇಂಥ ಕಾಕತಾಳೀಯವನ್ನು ಬಿಟ್ಟುಬಿಡಲು ಮನಸ್ಸಾಗುವುದಿಲ್ಲ.) ಅವರ ಫಲಿತಾಂಶದ ತಿರುಳು ಇಷ್ಟು: ಮೀನಿನ ತಾಳಿಕೆಯ ಗಡಿ ಸ್ಥಿರವಾದದ್ದಲ್ಲ, ಅದು ಯಾವ ನೀರಿನಲ್ಲಿ ಬೆಳೆದಿದೆಯೋ ಅದರ ಮೇಲೆ ನಿಂತಿದೆ. 20 ಡಿಗ್ರಿಗೆ ಒಗ್ಗಿದ ಮರಿ ಸುಮಾರು 35ರಲ್ಲಿ ಸಾಯುತ್ತದೆ. 30ಕ್ಕೆ ಒಗ್ಗಿದ ಮರಿ 38 ದಾಟಿಯೂ ಬದುಕುತ್ತದೆ. ಎಷ್ಟೇ ಒಗ್ಗಿಸಿದರೂ 41ರ ಸುಮಾರಿಗೆ ಗೋಡೆ. ಒಗ್ಗುವ ನೀರಿನ ಉಷ್ಣತೆ 3 ಡಿಗ್ರಿ ಏರಿದರೆ ತಾಳಿಕೆಯ ಮೇಲ್ಗಡಿ ಸುಮಾರು 1 ಡಿಗ್ರಿ ಏರುತ್ತದೆ.

ಇದರಿಂದ ತಾರ್ನಾಕಕ್ಕೆ ಎರಡು ಪಾಠ ಸಿಗುತ್ತವೆ. ಮರಿಗಳನ್ನು ಎ.ಸಿ. ಕೋಣೆಯಲ್ಲಿ ಮುದ್ದುಮಾಡಿ ಬೆಳೆಸಬಾರದು. 22 ಡಿಗ್ರಿಯ ತಂಪಿನಲ್ಲಿ ನಾಲ್ಕು ತಿಂಗಳು ಕಳೆದ ಮೀನು ಹೊರಗಿನ ಮೊದಲ ಸೆಕೆಯ ದಿನವೇ ತನ್ನ ಗಡಿಯ ಹತ್ತಿರ ಬಂದಿರುತ್ತದೆ. ಪಡಸಾಲೆಯ ಮೂಲೆ, ಅಡುಗೆಮನೆಯ ಪಕ್ಕದ ಕೋಣೆ, ಮನೆಯವರ ಜೊತೆ ತಾನೂ ಬೇಸಿಗೆ ಉಣ್ಣುವಂಥ ಜಾಗ ಸಾಕು. ಅಲ್ಲಿ ನೀರು ಫೆಬ್ರವರಿಯಿಂದ ಮೇವರೆಗೆ ಮನೆಯ ಗಾಳಿಯ ಜೊತೆಗೇ ನಿಧಾನವಾಗಿ ಏರುತ್ತದೆ, ಮರಿಯೂ ಅದರೊಂದಿಗೇ ಒಗ್ಗುತ್ತದೆ. ಇನ್ನೊಂದು ಪಾಠ: ಬೇಸಿಗೆಯ ಹೌಜಿನಲ್ಲಿ ಕೊಲ್ಲುವುದು ಬರಿಯ ಉಷ್ಣತೆ ಎಂದು ತಿಳಿಯಬಾರದು. 36 ಡಿಗ್ರಿಯ ಶುದ್ಧ ನೀರಿನಲ್ಲಿ ಬದುಕಬಲ್ಲ ಮರಿ 32 ಡಿಗ್ರಿಯ ಹಸಿರು ನೀರಿನಲ್ಲಿ ಸಾಯುತ್ತದೆ. ಮೇಲೆ ಬರಿಯ ಹಸಿರು ನೆಟ್ ಕಟ್ಟಿದರೆ ಕೆಲಸ ಮುಗಿಯಿತೆಂದುಕೊಂಡವರಿಗೆ ನಾನು ಹೇಳುವುದು ಇದನ್ನೇ. ನೆಟ್ ಬೇಕು, ಆದರೆ ಮಳೆಗಾಲದ ಮೋಡ ಮಾಡುವಷ್ಟು ಕೆಲಸವನ್ನು ಅದು ಮಾಡಲಾರದು.

ಇನ್ನು ಪಂಚಾಂಗ. ಗೋಲ್ಡ್‌ಫಿಶ್ ಗೆಂಡೆಯ ನೆಂಟ. ತಂಪು ಕಾಲ ಕಳೆದು ನೀರು 20 ಡಿಗ್ರಿ ದಾಟುತ್ತ ಏರುವಾಗ ಮೊಟ್ಟೆಯಿಡುವ ಜಾತಿ. ಹೈದರಾಬಾದಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 15 ಡಿಗ್ರಿಗೆ ಇಳಿಯುತ್ತವೆ. 1946ರ ಜನವರಿ 8ರಂದು 6.1ಕ್ಕೂ ಇಳಿದಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಓಡಿಹೋಗುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುವ ಮಾತು ಮೀನಿಗೂ ಸಲ್ಲುತ್ತದೆ. ಆ ಹೊತ್ತಿಗೆ ಗಂಡು ಮೀನಿನ ಕಿವಿರುಮುಚ್ಚಳದ ಮೇಲೆ ರವೆ ಚಿಮುಕಿಸಿದಂತೆ ಬಿಳಿ ಗುಳ್ಳೆಗಳೇಳುತ್ತವೆ, ಗಂಡುಗಳು ಹೆಣ್ಣನ್ನು ಅಟ್ಟಿಸಿಕೊಂಡು ಹೋಗುತ್ತವೆ, ನೀರಗಿಡದ ಬೇರಿಗೆ ಮೊಟ್ಟೆ ಅಂಟುತ್ತದೆ. ಹೆತ್ತವರೇ ಆ ಮೊಟ್ಟೆಯನ್ನು ತಿನ್ನುವುದರಿಂದ ಬೇರುಸಮೇತ ಎತ್ತಿ ಒಳಗೆ ತರಬೇಕು. ಬೆಚ್ಚಗಿನ ನೀರಿನಲ್ಲಿ ಮೂರು ದಿನಕ್ಕೆ ಮರಿ ಒಡೆಯುತ್ತದೆ, ಇನ್ನೆರಡು ದಿನ ಗೋಡೆಗಂಟಿಕೊಂಡು ತನ್ನ ಹಳದಿಚೀಲವನ್ನು ಕರಗಿಸುತ್ತದೆ, ಆಮೇಲೆ ಈಜುತ್ತದೆ. ಅಲ್ಲಿಂದ ಆರಿದ್ರಾ ಮಳೆ ಹಿಡಿಯುವ ಜೂನ್ 21, 22ಕ್ಕೆ ಹತ್ತಿರ ಹತ್ತಿರ ನಾಲ್ಕು ತಿಂಗಳು.

ಈ ಅವಧಿ ಸಾಕೇ ಎಂಬ ಪ್ರಶ್ನೆಗೆ ಉತ್ತರ ಅನಿರೀಕ್ಷಿತ ಕಡೆಯಿಂದ ಬರುತ್ತದೆ. ಚೀನಾದಲ್ಲಿ ದಕ್ಷಿಣ ಸೋಂಗ್ ಅರಸರ ಕಾಲದ ಲೇಖಕ ಯುವೆ ಕ, 13ನೆಯ ಶತಮಾನದ ಆರಂಭದಲ್ಲಿ, ಹಾಂಗ್‌ಝೌ ನಗರದ ಗೋಲ್ಡ್‌ಫಿಶ್ ಸಾಕಣೆಗಾರರ ಬಗ್ಗೆ ಬರೆದಿಟ್ಟಿದ್ದಾನೆ. ಪೇಟೆಯ ಚರಂಡಿಗಳಲ್ಲಿ ಸಿಗುವ ಸಣ್ಣ ಕೆಂಪು ಹುಳುಗಳನ್ನು ಅವರು ಮೀನಿಗೆ ಹಾಕುತ್ತಿದ್ದರು. ನೂರು ದಿನಗಳಲ್ಲಿ ಬಣ್ಣ ಬರುತ್ತಿತ್ತು. ಮೊದಲು ಬೆಳ್ಳಿ, ಆಮೇಲೆ ಹಳದಿ, ಕಡೆಗೆ ಹೊನ್ನು ಎಂಬುದು ಅವನ ವಿವರ. ಬಣ್ಣಗಳ ಅನುಕ್ರಮ ಇಂದು ನಾವು ಕಾಣುವುದಕ್ಕೆ ಪೂರ್ತಿ ಹೊಂದುವುದಿಲ್ಲ, ಹುಟ್ಟುವ ಮರಿ ಕೆರೆಯ ಗೆಂಡೆಯಂತೆ ಮಾಸಲು ಹಸಿರು ಕಂದು. ಆದರೆ ನೂರು ದಿನದ ಲೆಕ್ಕ ಮಾತ್ರ ಬಹಳ ಸರಿ. ಎರಡು ಮೂರು ತಿಂಗಳ ಹೊತ್ತಿಗೆ ಚರ್ಮದ ಕಪ್ಪು ವರ್ಣಕೋಶಗಳು ಸಾಯತೊಡಗಿ, ಕೆಳಗಿರುವ ಕೆಂಪು ಹಳದಿ ಮೇಲೆ ಕಾಣುತ್ತದೆ. ಅಂದರೆ ಒಳಗಿನ ವಾಸ ಮುಗಿಯುವ ಹೊತ್ತಿಗೆ ಯಾವ ಮರಿ ಬಣ್ಣ ಪಡೆಯಿತು, ಯಾವುದು ಪಡೆಯಲಿಲ್ಲ ಎಂಬುದು ಕಣ್ಣೆದುರೇ ತೀರ್ಮಾನವಾಗಿರುತ್ತದೆ.

ಅದಕ್ಕೂ ಮುಂಚೆ ನಮ್ಮ ಕಡೆ ಏನಿತ್ತು? ಹಾಂಗ್‌ಝೌ ಸೋಂಗ್ ರಾಜಧಾನಿಯಾಗುವ ಹೊಸ್ತಿಲಿನಲ್ಲಿದ್ದ ವರ್ಷಗಳಲ್ಲೇ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1131ರ ಸುಮಾರಿಗೆ ಮಾನಸೋಲ್ಲಾಸವನ್ನು ರಚಿಸಿದ. ಅದರ ಮತ್ಸ್ಯವಿನೋದ ಎಂಬ ಭಾಗದಲ್ಲಿ ಮೀನುಗಳನ್ನು ಸಮುದ್ರದವು, ನದಿಯವು, ಹುರುಪೆ ಇರುವವು, ಇಲ್ಲದವು, ಗಾತ್ರದಲ್ಲಿ ಇಂಥವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಮೇವು ಎಂದೂ ಹೇಳಿದೆ: ಹಿಟ್ಟಿನ ಉಂಡೆ, ಅನ್ನ, ಮಾಂಸ. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿದ್ವಾಂಸರ ಗಮನಕ್ಕೆ ತಂದರು. ಉಸ್ಮಾನಿಯಾದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ನಳಿನಿ ಸಾಧಲೆ ಅವರೂ ವೈ. ಎಲ್. ನೆನೆ ಅವರೂ ಇದನ್ನು ಮತ್ತೆ ಪರಿಶೀಲಿಸಿದ ಲೇಖನ 2005ರಲ್ಲಿ ಸಿಕಂದರಾಬಾದಿನಿಂದ ಹೊರಡುತ್ತಿದ್ದ ಏಷ್ಯನ್ ಅಗ್ರಿ-ಹಿಸ್ಟರಿ ಪತ್ರಿಕೆಯಲ್ಲಿ ಬಂತು. ಕಲ್ಯಾಣದ ಅರಸನ ಮೀನುಗಳ ಬಗ್ಗೆ ತಾರ್ನಾಕದ ಮಗ್ಗುಲಲ್ಲೇ ಕೆಲಸ ನಡೆದಿತ್ತೆಂಬುದು ನನಗೆ ತಡವಾಗಿ ತಿಳಿದ ಸಂಗತಿ. ಸೋಮೇಶ್ವರನ ಆಸಕ್ತಿ ಗಾಳ ಹಾಕಿ ಹಿಡಿಯುವುದರಲ್ಲಿ. ಅಂದಕ್ಕಾಗಿ ಸಾಕುವ ಮೀನು ಅವನ ಪಟ್ಟಿಯಲ್ಲಿಲ್ಲ. ಆದರೂ ಜಾತಿ ನೋಡಿ ಮೇವು ಹಾಕಬೇಕೆಂಬ ಅವನ ನಿಲುವು ಮರಿ ಸಾಕುವವರಿಗೆ ಇಂದೂ ಬೇಕಾದದ್ದೇ.

ಏಕೆಂದರೆ ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಒಮ್ಮೆಗೇ ಹೊಟ್ಟೆ ತುಂಬಿಸಿ ಸಂಜೆವರೆಗೆ ಮರೆಯುವ ಹಾಗಿಲ್ಲ; ಎಳೆ ಮರಿಗೆ ದಿನಕ್ಕೆ ನಾಲ್ಕೈದು ಸಲ ಚಿಟಿಕೆ ಚಿಟಿಕೆಯಾಗಿ ಕೊಡಬೇಕು. ಒಳಗೆ ಬೆಳೆಸುವುದರ ದೊಡ್ಡ ಅನುಕೂಲ ಇದೇ, ಓಡಾಡುವವರ ಕಣ್ಣಿಗೆ ಬೀಳುವ ಜಾಗದಲ್ಲಿದ್ದರೆ ಯಾರಾದರೂ ಹಾಕುತ್ತಾರೆ. ಈಜು ಕಲಿತ ಮೊದಲ ದಿನಗಳಲ್ಲಿ ಭತ್ತದ ಹುಲ್ಲು ನೆನೆಸಿಟ್ಟ ನೀರಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು, ಆಮೇಲೆ ಉಪ್ಪುನೀರಿನಲ್ಲಿ ಒಡೆಸಿದ ಆರ್ಟೀಮಿಯ ಮರಿಗಳು. ಬೇಯಿಸಿದ ಮೊಟ್ಟೆಯ ಹಳದಿಯನ್ನು ತೆಳು ಬಟ್ಟೆಯಲ್ಲಿ ಹಿಂಡಿ ಕೊಡುವುದೂ ರೂಢಿ. ಅಗ್ಗ, ಆದರೆ ಉಳಿದದ್ದು ಒಂದೇ ರಾತ್ರಿಯಲ್ಲಿ ನೀರು ಕೆಡಿಸುತ್ತದೆ. ನಾನು ಅದನ್ನು ಬಿಟ್ಟಿದ್ದೇನೆ. ಬಣ್ಣಕ್ಕೆ ಬೇಕಾದ ಕ್ಯಾರೊಟಿನಾಯ್ಡ್‌ಗಳನ್ನು ಮೀನು ತಾನಾಗಿ ತಯಾರಿಸಿಕೊಳ್ಳಲಾರದು, ಮೇವಿನಿಂದಲೇ ಬರಬೇಕು. ಆದರೆ ಮೆಕ್ಕೆಜೋಳ, ಪಾಚಿಗಳಲ್ಲಿರುವ ಹಳದಿ ಝಿಯಾಝ್ಯಾಂಥಿನ್ ಸಿಕ್ಕರೆ ಅದನ್ನು ಕೆಂಪು ಆಸ್ಟಝ್ಯಾಂಥಿನ್ ಆಗಿ ಮಾರ್ಪಡಿಸುವ ಶಕ್ತಿ ಗೋಲ್ಡ್‌ಫಿಶ್‌ಗೆ ಇದೆ. 1958ರಲ್ಲಿ ಕೂನೂರಿನಿಂದ ತಾರ್ನಾಕಕ್ಕೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ ಯಾವ ಕಾಳು, ಯಾವ ಸೊಪ್ಪಿನಲ್ಲಿ ಯಾವ ಕ್ಯಾರೊಟಿನಾಯ್ಡ್ ಎಷ್ಟು ಎಂಬ ಪ್ರತ್ಯೇಕ ಪಟ್ಟಿಯಿದೆ. ಮನುಷ್ಯರಿಗಾಗಿ ಮಾಡಿದ ಪಟ್ಟಿ. ಮೀನು ಸಾಕುವವರು ನೋಡಿದರೆ ಯಾರೂ ಬೇಡವೆನ್ನಲಾರರು. ತೊಟ್ಟಿಗೆ ಬೆಳಕೂ ಬೇಕು. ಕತ್ತಲ ಮೂಲೆಯಲ್ಲಿ ಬೆಳೆದ ಗೋಲ್ಡ್‌ಫಿಶ್ ಬಿಳಚಿಕೊಳ್ಳುತ್ತದೆ. ಪೂರ್ವದ ಕಿಟಕಿಯ ಬೆಳಗಿನ ಬೆಳಕು ಸಾಕಷ್ಟಾಯಿತು.

ನೀರಿನ ಬಗ್ಗೆ ಸ್ವಲ್ಪ ಹೇಳಬೇಕು. ಈ ನಗರದ ನಲ್ಲಿಗಳಿಗೆ ಮಂಜೀರಾ, ಕೃಷ್ಣಾ, ಗೋದಾವರಿ ಮೂರೂ ಬರುತ್ತವೆ. ಮಂಜೀರೆ ಬೀದರ್ ಹಾಯ್ದು ಬರುವ ಹೊಳೆಯಾದ್ದರಿಂದ ಊರಿನ ನೀರೇ ಬಂತೆಂದು ನಮ್ಮಂಥವರಿಗೆ ಒಳಗೊಳಗೇ ಹಿಗ್ಗು. ಆದರೆ ಮೀನಿಗೆ ಊರಿನ ಹಂಗಿಲ್ಲ, ಕ್ಲೋರಿನ್ ಇದೆಯೋ ಇಲ್ಲವೋ ಎಂಬುದಷ್ಟೇ ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಎಳೆಯ ಕಿವಿರಿಗೆ ಅದರ ಹತ್ತರಲ್ಲೊಂದು ಪಾಲೂ ತಂಟೆಯೇ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಬಿಸಿಲಿಗಿಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಹೈಪೋ, ಅಂದರೆ ಫೋಟೋ ತೊಳೆಯುವವರು ಬಳಸುತ್ತಿದ್ದ ಅದೇ ಹರಳು: 1 ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು 7 ಮಿಲಿಗ್ರಾಂ. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ಕಗ್ಗಲ್ಲಿನ ಸಂದಿಯಿಂದ ಬಂದ ಗಡಸು ನೀರು; ಗೋಲ್ಡ್‌ಫಿಶ್‌ಗೆ ಗಡಸು ಒಗ್ಗುತ್ತದೆ, ಮೃದು ನೀರಿಗಿಂತ ಹೆಚ್ಚೇ ಒಗ್ಗುತ್ತದೆ.

ಅಂಗಡಿಯಿಂದ ಮರಿ ತರುವವರಿಗೂ ಒಳಗಿನ ವಾಸ ತಪ್ಪಿದ್ದಲ್ಲ, ಅವರಿಗೆ ಅದು ಪ್ರತ್ಯೇಕವಾಸ. ದೂರದೂರಿನ ಸಾಕಣೆಯಿಂದ ಬಂದ ಮೀನಿನ ಜೊತೆ ಬಿಳಿಚುಕ್ಕೆ ರೋಗ, ಸೂಜಿಯಂತೆ ಮೈಗೆ ನೆಟ್ಟುಕೊಳ್ಳುವ ಆ್ಯಂಕರ್ ಹುಳು, ಕಿವಿರಿನ ಜಂತು ಬರುವುದು ಸಾಮಾನ್ಯ. ಗೋಲ್ಡ್‌ಫಿಶ್‌ಗಳನ್ನೇ ಕಾಡುವ ಹರ್ಪಿಸ್ ವೈರಸ್ ಒಂದನ್ನು ಭಾರತದಲ್ಲಿ ಗುರುತಿಸಿದ ವರದಿ 2016ರಲ್ಲಿ ಪ್ರಕಟವಾಗಿದೆ. ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು, ಲೀಟರಿಗೆ 2, 3 ಗ್ರಾಂ ಕಲ್ಲುಪ್ಪು ಕರಗಿಸಿ ನೋಡಿಕೊಳ್ಳುವುದು ಒಳ್ಳೆಯದು. ಪ್ಲಾಸ್ಟಿಕ್ ಚೀಲದಲ್ಲಿ ತಂದಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ: ಬಾಯಿ ಬಿಚ್ಚಿ, ಲೋಟ ಲೋಟವಾಗಿ ನೀರು ಬೆರೆಸುತ್ತ ಒಂದು ಗಂಟೆ ಕೂಡುವುದು. ಕಟ್ಟಿದ ಚೀಲದಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಕೂಡಿಕೊಂಡ ಅಮೋನಿಯ ಸುಮ್ಮನಿರುತ್ತದೆ. ಬಿಚ್ಚಿದ ಕೂಡಲೇ ಅನಿಲ ಹಾರಿ ಪಿಎಚ್ ಏರುತ್ತದೆ, ಮಲಗಿದ್ದ ವಿಷ ಎದ್ದು ಕೂಡುತ್ತದೆ. ಕಟ್ಟಿದ ಚೀಲವನ್ನೇ ತೊಟ್ಟಿಯಲ್ಲಿ ಕಾಲು ಗಂಟೆ ತೇಲಿಸಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಬಲೆಯಿಂದ ಎತ್ತಿ ಬಿಡಬೇಕು. ಚೀಲದ ನೀರು ಗಿಡಕ್ಕೆ.

ಒಳಗಿನ ತೊಟ್ಟಿಯ ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಸ್ಪಾಂಜ್ ಫಿಲ್ಟರನ್ನು ಸಂಕ್ರಾಂತಿಯ ಹೊತ್ತಿಗೇ ಓಡಿಸಿಟ್ಟರೆ ಮರಿ ಬರುವಷ್ಟರಲ್ಲಿ ಅದು ಸಿದ್ಧ. ಆ ಸ್ಪಾಂಜಿನ ನಿಜವಾದ ಬೆಲೆ ತಿಳಿಯುವುದು ಜೂನಿನಲ್ಲಿ: ಮರಿಗಳ ಜೊತೆ ಅದನ್ನೂ ಹೌಜಿಗೆ ಇಳಿಸಿದರೆ ಹೊರಗಿನ ನೀರಿಗೆ ಬ್ಯಾಕ್ಟೀರಿಯದ ಹೆಪ್ಪು ಹಾಕಿದಂತೆ.

ಜೂನ್ 7, 8ಕ್ಕೆ ಮಿರಗ ಕೂಡುತ್ತದೆ. ಹೈದರಾಬಾದಿನಲ್ಲಿ ಆ ದಿನ ಮೀನಿನದೇ ಮಾತು. ಮೃಗಶಿರಾ ಕಾರ್ತೆಯಂದು ಉಸಿರಾಟದ ತೊಂದರೆಯಿರುವವರಿಗೆ ಸಣ್ಣ ಜೀವಂತ ಮೀನಿನ ಮರಿಯ ಬಾಯಲ್ಲಿ ಮದ್ದಿಟ್ಟು ನುಂಗಿಸುವ ಮೀನಿನ ಪ್ರಸಾದಕ್ಕೆ ಕರ್ನಾಟಕದಿಂದಲೂ ಜನ ಬರುತ್ತಾರೆ. ಅದರ ವೈದ್ಯಕೀಯ ಬೆಲೆಯ ಚರ್ಚೆ ಇಲ್ಲಿ ಬೇಡ. ಮರಿಮೀನು ಮತ್ತು ಮಿರಗ ಈ ಊರಿನ ನೆನಪಿನಲ್ಲಿ ಒಟ್ಟಿಗೇ ಕಟ್ಟಿಕೊಂಡಿವೆ ಎಂಬಷ್ಟಕ್ಕೆ ಹೇಳಿದೆ. ಆದರೆ ನಮ್ಮ ಮರಿಗಳನ್ನು ಮಿರಗದ ಮೊದಲ ದಿನವೇ ಬಿಡಬಾರದು. ಮೊದಲ ಮಳೆ ನಾಲ್ಕು ತಿಂಗಳ ಧೂಳು, ಹೊಗೆಯ ಮಸಿ, ತಾರಸಿಯ ಪಾರಿವಾಳದ ಹಿಕ್ಕೆ ಎಲ್ಲವನ್ನೂ ತೊಳೆದು ತರುತ್ತದೆ. ಕಾದ ಹೌಜಿನ ಮೇಲೆ ತಣ್ಣನೆಯ ಮಳೆ ಬಿದ್ದಾಗ ಮೇಲಿನ ನೀರು ತಳಕ್ಕಿಳಿದು, ತಳದ ಆಮ್ಲಜನಕವಿಲ್ಲದ ಕೆಸರು ನೀರು ಮೇಲೇಳುತ್ತದೆ. ಆ ಗಲಾಟೆ ಮುಗಿಯಲಿ. ಹೌಜನ್ನು ಆಗ ಒಮ್ಮೆ ಖಾಲಿ ಮಾಡಿ ತಳ ಬಳಿದು ತುಂಬಿಸಿದರೆ ಆರಿದ್ರಾ ಹೊತ್ತಿಗೆ ಹೊಸ ನೀರು ನಿಂತಿರುತ್ತದೆ, ಆಕಾಶ ಮುಚ್ಚಿರುತ್ತದೆ, ನೀರಿನ ಹಗಲಿರುಳ ಏರಿಳಿತ ಕಡಿಮೆಯಾಗಿರುತ್ತದೆ. ಹೊಸದಾಗಿ ಕಟ್ಟಿದ ಸಿಮೆಂಟಿನ ತೊಟ್ಟಿಯಾದರೆ ಮಾತ್ರ ಇಷ್ಟು ಸಾಲದು. ಸುಣ್ಣ ಬಿಟ್ಟು ಪಿಎಚ್ 11ರವರೆಗೂ ಹೋಗುತ್ತದೆ. ಬಾಳೆದಿಂಡಿನ ತುಂಡು, ಸಗಣಿ ಹಾಕಿ ಕೊಳೆಸಿ, ತುಂಬಿಸಿ ಚೆಲ್ಲಿ, ಮತ್ತೆ ತುಂಬಿಸಿ ಚೆಲ್ಲಿ ಹದಮಾಡುವ ಹಳೆಯ ಪದ್ಧತಿ ಬೇಸಿಗೆಯಲ್ಲೇ ಮುಗಿದಿರಬೇಕು.

ಸಾಗಿಸುವ ಕ್ರಮದಲ್ಲಿ ನಾನು ಹೇಳಬಹುದಾದದ್ದು ಒಂದೇ: ಮೀನನ್ನು ಹೊರಗೆ ಒಯ್ಯುವ ಮೊದಲು ಹೊರಗಿನ ನೀರನ್ನು ಒಳಗೆ ತರಬೇಕು. ಹತ್ತು ದಿನ, ದಿನಕ್ಕೊಂದು ಬಕೆಟ್, ತೊಟ್ಟಿಯಿಂದ ತೆಗೆದಷ್ಟನ್ನೇ ಹೌಜಿನಿಂದ ತಂದು ಸುರಿಯುವುದು. ಪಿಎಚ್, ಗಡಸುತನ, ಸೂಕ್ಷ್ಮಜೀವಿಗಳು ಮೂರಕ್ಕೂ ಮರಿ ತನ್ನ ಜಾಗದಲ್ಲಿದ್ದುಕೊಂಡೇ ಒಗ್ಗುತ್ತದೆ. ಕಡೆಗೆ ಮೋಡದ ಸಂಜೆ ನೋಡಿ ಬಿಟ್ಟರಾಯಿತು.

ಮಳೆಗಾಲದ ಹೌಜಿಗೂ ಅದರದೇ ಅಪಾಯಗಳಿವೆ, ಆದರೆ ನಾಲ್ಕು ತಿಂಗಳ ಮರಿ ಅವುಗಳಲ್ಲಿ ಒಂದನ್ನು ಆಗಲೇ ದಾಟಿರುತ್ತದೆ. ಮುಂಗಾರಿನ ಜೊತೆ ಬರುವ ಹಳದಿ ಏರೋಪ್ಲೇನ್ ಚಿಟ್ಟೆಗಳು ಸಿಕ್ಕ ಸಿಕ್ಕ ನಿಂತ ನೀರಿನಲ್ಲೆಲ್ಲ ಮೊಟ್ಟೆಯಿಡುತ್ತವೆ. ಅವುಗಳ ಮರಿಹುಳು ನೀರಿನ ತಳದಲ್ಲಿ ಹೊಂಚಿ ಕೂತು, ಮಡಚಿಟ್ಟ ಕೆಳದುಟಿಯನ್ನು ಕ್ಷಣದಲ್ಲಿ ಚಾಚಿ ಬೇಟೆ ಹಿಡಿಯುತ್ತದೆ. ವಾರದ, ತಿಂಗಳ ಮೀನುಮರಿ ಅದಕ್ಕೆ ತುತ್ತು. ಎರಡಂಗುಲ ಬೆಳೆದ ಮೀನಿನ ಎದುರು ಮಾತ್ರ ಅದೇ ತುತ್ತಾಗುವ ಸಂಭವ ಹೆಚ್ಚು. ಮೊಟ್ಟೆಯನ್ನು ಹೌಜಿನಲ್ಲೇ ಬಿಟ್ಟು ಪ್ರಕೃತಿ ನೋಡಿಕೊಳ್ಳಲಿ ಎನ್ನುವವರು ಈ ಹುಳುವನ್ನು ಒಮ್ಮೆ ಗಾಜಿನ ಲೋಟದಲ್ಲಿ ಹಾಕಿ ನೋಡಬೇಕು.

ಸೊಳ್ಳೆಯ ಪ್ರಶ್ನೆ ನೆರೆಯವರಿಂದ ಬಂದೇ ಬರುತ್ತದೆ, ಅದೂ ಡೆಂಗಿ ಜ್ವರದ ತಿಂಗಳುಗಳಲ್ಲಿ. ಈ ಊರಿನಲ್ಲಿ ಅದು ಸಹಜ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯ ಪರೋಪಜೀವಿಯನ್ನು ಕಂಡದ್ದು ಇಲ್ಲಿಯೇ, ಸಿಕಂದರಾಬಾದಿನಲ್ಲಿ. ಬೇಗಂಪೇಟೆಯ ಆ ಕಟ್ಟಡ ಈಗ ಉಸ್ಮಾನಿಯಾ ವಿಶ್ವವಿದ್ಯಾಲಯದ ಸ್ವತ್ತು. ಲಾರ್ವಾ ತಿನ್ನುವ ಮೀನಿನಿಂದ ಮಲೇರಿಯ ತಡೆಯುವ ಕೆಲಸ ಕರ್ನಾಟಕದ ಹಳ್ಳಿಗಳಲ್ಲೂ ನಡೆದಿದೆ, ಬಾವಿಗಳಿಗೆ ಗಪ್ಪಿ ಬಿಟ್ಟು ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಗೋಲ್ಡ್‌ಫಿಶ್ ಗಪ್ಪಿಯಷ್ಟು ಶ್ರದ್ಧಾವಂತ ಬೇಟೆಗಾರನಲ್ಲ. ಎಳೆಯದು ಲಾರ್ವಾವನ್ನು ಮುಗಿಬಿದ್ದು ತಿನ್ನುತ್ತದೆ. ಕೈಯಿಂದ ಗುಳಿಗೆ ಬೀಳುವುದು ರೂಢಿಯಾದ ಮೇಲೆ ಗಿಡದ ಸಂದಿಗೆ ನುಗ್ಗಿ ಹುಡುಕುವ ಗೋಜಿಗೆ ಹೋಗುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಮೇವು ಅರ್ಧಕ್ಕಿಳಿಸುವುದು ಮೀನಿಗೂ ನೆರೆಯವರಿಗೂ ಹಿತ.

ಇನ್ನು ತುಂಬಿ ಹರಿಯುವ ವಿಷಯ. 2000ದ ಆಗಸ್ಟ್ 24ರಂದು ಒಂದೇ ದಿನ 24 ಸೆಂಟಿಮೀಟರ್ ಮಳೆ ಸುರಿದ ಊರಿದು. 2020ರ ಅಕ್ಟೋಬರಿನ ನೆರೆಯೂ ಮರೆತಿಲ್ಲ. ಹೌಜಿನ ಮೇಲ್ತೂಬಿಗೆ ಸ್ಟೀಲ್ ಜಾಲರಿ ಇಲ್ಲದಿದ್ದರೆ ಮೀನು ಮೋರಿಗೆ, ಮೋರಿಯಿಂದ ನಾಲೆಗೆ, ನಾಲೆಯಿಂದ ಕೆರೆಗೆ. ಅಕ್ವೇರಿಯಂ ಗಾಜು ತಿಕ್ಕುತ್ತದೆಂದು ತಂದ ಸಕ್ಕರ್ ಮೀನು ಈಗ ತೆಲಂಗಾಣದ ಕೆರೆಗಳಲ್ಲಿ ಬೆಸ್ತರ ಬಲೆ ಹರಿಯುತ್ತಿದೆ. ಸಾಕಲಾರದೆ ಉಳಿದ ಮರಿಗಳನ್ನು ಪುಣ್ಯವೆಂದು ಕೆರೆಗೆ ಬಿಡುವವರೂ ಇದ್ದಾರೆ. ಆ ಪುಣ್ಯ ಬೇಡ.

ಕಡೆಯದಾಗಿ ಮಿಂಚುಳ್ಳಿ. ಕೇಬಲ್ ತಂತಿಯ ಮೇಲೆ ಕೂತು ಅದು ಹೌಜನ್ನು ದಿನಗಟ್ಟಲೆ ಓದುತ್ತದೆ. ಅದರ ಕಣ್ಣಿಗೆ ಮೊದಲು ಬೀಳುವುದು ನಾವು ನೂರು ದಿನ ಕಾದು ಬಣ್ಣ ಬರಿಸಿದ ಮೀನುಗಳೇ. ಕೆರೆ ಹೊಳೆಗಳಿಗೆ ಸೇರಿದ ಗೋಲ್ಡ್‌ಫಿಶ್‌ಗಳು ತಲೆಮಾರುಗಳಲ್ಲಿ ಮತ್ತೆ ಹಸಿರು ಕಂದು ಬಣ್ಣಕ್ಕೆ ಮರಳುವುದಕ್ಕೆ ಒಂದು ಕಾರಣ ಇಂಥ ಹಕ್ಕಿಗಳು. ನೆಟ್ಟನ್ನು ಗೋಡೆಯಿಂದ ಒಂದಡಿ ಎತ್ತರಿಸಿ ಬಿಗಿಯಾಗಿ ಕಟ್ಟಿದ್ದೇನೆ. ಆದರೂ ಒಂದು ಮೂಲೆ ಪ್ರತಿ ಮಳೆಗೂ ಸಡಿಲವಾಗುತ್ತದೆ. ಹೋದ ಮಳೆಗಾಲ ಮುಗಿದಾಗ ಹೌಜಿನಲ್ಲಿ ಉಳಿದವುಗಳಲ್ಲಿ ಬಣ್ಣ ಬಾರದೆ ಹೋದವೇ ಹೆಚ್ಚು. ಒಳಗಿದ್ದಾಗ ಮನೆಗೆ ಬಂದವರು ಅವನ್ನು ನೋಡಿ, ಇವು ಗೋಲ್ಡ್‌ಫಿಶ್ಶೇನ್ರೀ ಎಂದು ಕೇಳುತ್ತಿದ್ದರು.